ಕ್ಯಾಂಡಿ ಎಂಬ ಮುದುಕ: ‘ಆಫ್ ಮೈಸ್ ಅಂಡ್ ಮೆನ್’ ಓದಿದವರು ಬನ್ನಿ, ಸ್ವಲ್ಪ ಮಾತಾಡೋಣ

ಹಳೇಪುಸ್ತಕ

ಜಾನ್ ಸ್ಟೈನ್‌ಬೆಕ್‌ನ ಈ ಪುಟ್ಟ ಕಾದಂಬರಿಯನ್ನು ನಾನು ಮೊದಲು ಓದಿದ್ದು ಡಿಗ್ರಿಯಲ್ಲಿದ್ದಾಗ. ಆಗ ಲೆನ್ನಿಗಾಗಿ ಅತ್ತಿದ್ದೆ. ಹೋದ ವಾರ ಮತ್ತೆ ಓದಿದೆ. ಈ ಸಲ ಲೆನ್ನಿ, ಜಾರ್ಜ್ ಇಬ್ಬರೂ ಸ್ವಲ್ಪ ಹಿಂದೆ ಸರಿದುಬಿಟ್ಟರು. ಪುಸ್ತಕ ಮುಚ್ಚಿದ ಮೇಲೂ ಕಣ್ಣ ಮುಂದೆ ನಿಂತವನು ಪೊರಕೆ ಹಿಡಿದ ಆ ಮುದುಕ, ಕ್ಯಾಂಡಿ. ನನಗೀಗ 56. ಅದೂ ಒಂದು ಕಾರಣ ಇರಬಹುದು.

ಓದದೇ ಇರುವವರಿಗೆ ನಾಲ್ಕು ಮಾತು. ಕತೆ ನಡೆಯುವುದು 1930ರ ದಶಕದ ಕ್ಯಾಲಿಫೋರ್ನಿಯಾದಲ್ಲಿ, ಸೊಲೆಡಾಡ್ ಎಂಬ ಊರಿನ ಹತ್ತಿರದ ದೊಡ್ಡ ಜಮೀನೊಂದರಲ್ಲಿ. ಜಾರ್ಜ್ ಮತ್ತು ಲೆನ್ನಿ ಊರೂರು ಅಲೆಯುವ ಕೂಲಿಗಳು. ಬಾರ್ಲಿ ಮೂಟೆ ಹೊರುವ ಕೆಲಸಕ್ಕೆ ಅಲ್ಲಿಗೆ ಬರುತ್ತಾರೆ. ಲೆನ್ನಿಗೆ ಆನೆ ಬಲ, ಮಗುವಿನ ಬುದ್ಧಿ. ಒಂದು ತುಂಡು ಸ್ವಂತ ನೆಲ ಕೊಂಡು, ಕೋಳಿ ಮೊಲ ಸಾಕಿಕೊಂಡು ಇರಬೇಕು ಅನ್ನೋದು ಇಬ್ಬರ ಆಸೆ. ಕೊನೆಯಲ್ಲಿ ಏನಾಗುತ್ತೆ ಅನ್ನೋದನ್ನೂ ಇಲ್ಲಿ ಮಾತಾಡ್ತೇವೆ. ಓದಬೇಕು ಅಂತಿರೋರು ಮೊದಲು ಓದಿ ಬನ್ನಿ. ಎರಡು ಸಂಜೆಯಲ್ಲಿ ಮುಗಿಯುತ್ತೆ.

ಕೂಲಿಗಳು ಮಲಗುವ ಬಂಕ್‌ಹೌಸ್ ಗುಡಿಸೋದು ಕ್ಯಾಂಡಿಯ ಕೆಲಸ. ಬೆನ್ನು ಬಾಗಿದೆ. ಬಲಗೈ ಮಣಿಕಟ್ಟಿಗೇ ಮುಗಿದುಹೋಗಿದೆ. ಅವನ ಹಿಂದೆಯೇ ಒಂದು ಮುದಿ ನಾಯಿ, ಕುರಿ ಕಾಯುವ ಜಾತಿಯದು. ಮರಿಯಾಗಿದ್ದಾಗಿನಿಂದ ಸಾಕಿದ್ದು. ಈಗ ಅದಕ್ಕೆ ಕಣ್ಣು ಕಾಣಲ್ಲ, ಹಲ್ಲಿಲ್ಲ, ಕೀಲು ಹಿಡಿದುಕೊಂಡಿದೆ.

ಒಂದು ರಾತ್ರಿ ಕಾರ್ಲ್‌ಸನ್ ಅನ್ನೋ ಕೂಲಿಯವನು ಶುರು ಮಾಡುತ್ತಾನೆ. ಈ ನಾಯಿ ನಾರುತ್ತೆ, ಇಲ್ಲಿ ಮಲಗೋಕಾಗಲ್ಲ, ಹೊಡೆದುಹಾಕು. ಕ್ಯಾಂಡಿ ಸುತ್ತ ನೋಡುತ್ತಾನೆ. ಯಾರಾದರೂ ಬೇಡ ಅನ್ನಲಿ ಅಂತ. ನಾಳೆ ನೋಡೋಣ ಅಂತಾನೆ. ಕಾರ್ಲ್‌ಸನ್ ಬಿಡಲ್ಲ. ಕೊನೆಗೆ ಸ್ಲಿಮ್ ಕಡೆ ನೋಡುತ್ತಾನೆ. ಅಲ್ಲಿ ಎಲ್ಲರೂ ತಲೆಬಾಗೋದು ಸ್ಲಿಮ್‌ನ ಮಾತಿಗೆ. ಸ್ಲಿಮ್ ಕೂಡ ಅವನ ಪರ ನಿಲ್ಲಲ್ಲ. ಆಗ ಕ್ಯಾಂಡಿ ಮೆಲ್ಲಗೆ ‘ಸರಿ, ಕರಕೊಂಡು ಹೋಗು’ ಅನ್ನೋ ಅರ್ಥದಲ್ಲಿ ಒಂದು ಮಾತು ಆಡಿ, ನಾಯಿ ಕಡೆ ತಿರುಗಿಯೂ ನೋಡದೆ, ಹಾಸಿಗೆ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಾನೆ.

ಆಮೇಲಿನ ಒಂದೆರಡು ಪುಟ ಬರೀ ಕಾಯೋದು. ಯಾರೋ ಇಸ್ಪೀಟು ಕಲಸುತ್ತಾರೆ. ನೆಲದ ಹಲಗೆ ಕೆಳಗೆ ಏನೋ ಕಚಕಚ ಕಡಿಯೋ ಸದ್ದು. ಎಲ್ಲರೂ ಅವನನ್ನು ನೋಡುತ್ತಾರೆ, ನೋಡದ ಹಾಗೆ ಇರುತ್ತಾರೆ. ದೂರದಲ್ಲಿ ಗುಂಡಿನ ಸದ್ದು ಕೇಳುತ್ತೆ. ಅವನು ನಿಧಾನಕ್ಕೆ ಹೊರಳಿ ಗೋಡೆ ಕಡೆ ಮುಖ ಮಾಡುತ್ತಾನೆ.

ಅವನು ಯಾಕೆ ಒಪ್ಪಿದ? ಒಂದು ವಾರದಿಂದ ಇದೇ ತಲೆಯಲ್ಲಿ ಕೊರೀತಿದೆ.

ರಾತ್ರಿಪಾಳಿ

ನಾನು ನರ್ಸ್. ವಯಸ್ಸಾದವರ ವಾರ್ಡ್‌ನಲ್ಲಿ 11 ವರ್ಷ ಆಯಿತು. ಕ್ಯಾಂಡಿ ಸುತ್ತ ನೋಡುತ್ತಾನೆ ಅಂದ್ರಲ್ಲ, ಆ ನೋಟ ನನಗೆ ಚೆನ್ನಾಗಿ ಗೊತ್ತು. ಮಕ್ಕಳು ಹಾಸಿಗೆ ಸುತ್ತ ನಿಂತು ಅಪ್ಪನ ಬಗ್ಗೆ ಮಾತಾಡುತ್ತಿರುತ್ತಾರೆ. ಎಲ್ಲಿಡೋದು, ಯಾರು ನೋಡಿಕೊಳ್ಳೋದು, ಮನೆ ಏನು ಮಾಡೋದು. ಅಪ್ಪ ಒಬ್ಬೊಬ್ಬರ ಮುಖ ನೋಡುತ್ತಾ ಹೋಗುತ್ತಾರೆ. ಮಗ, ಸೊಸೆ, ಮಗಳು, ಕೊನೆಗೆ ನಾನು. ಯಾರ ಮುಖದಲ್ಲೂ ಏನೂ ಸಿಗದಿದ್ದರೆ ‘ಹೂಂ, ನಿಮಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ ಮಾಡಿ’ ಅಂತಾರೆ. ಎಲ್ಲರೂ ಅದನ್ನ ಒಪ್ಪಿಗೆ ಅಂದುಕೊಳ್ತಾರೆ.

ಕ್ಯಾಂಡಿ ಒಪ್ಪಲಿಲ್ಲ ಸರ್. ಅವನ ಕೈಲಿ ಬೇಡ ಅನ್ನೋಕೆ ಆಗಲಿಲ್ಲ.

ಮೇಷ್ಟ್ರು_ಶಿರಸಿ

ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಸರ ಮಾಡ್ಕೋಬೇಡಿ.

ನಾವು ಹಳ್ಳಿ ಕಡೆಯವರು, ದನ ನಾಯಿ ಸಾಕಿದವರು. ಆ ನಾಯಿ ನರಳುತ್ತಿತ್ತು. ಸ್ಲಿಮ್ ಕೆಟ್ಟವನಲ್ಲ. ಇಡೀ ಪುಸ್ತಕದಲ್ಲಿ ತೂಕದ ಮನುಷ್ಯ ಅಂದ್ರೆ ಅವನೇ. ತನ್ನ ನಾಯಿ 9 ಮರಿ ಹಾಕಿದಾಗ, ತಾಯಿಗೆ ಅಷ್ಟಕ್ಕೂ ಹಾಲೂಡಿಸೋಕೆ ಆಗಲ್ಲ ಅಂತ 4 ಮರಿಗಳನ್ನ ಅವತ್ತೇ ನೀರಲ್ಲಿ ಮುಳುಗಿಸಿದವನು. ಕಠಿಣ ಅನ್ನಿಸಬಹುದು. ಆದರೆ ಅದರಲ್ಲಿ ಒಂದು ಲೆಕ್ಕ ಇದೆ. ಕ್ಯಾಂಡಿಗೂ ಬೇಕಾದ ಮರಿ ತಗೋ ಅಂತ ಹೇಳುತ್ತಾನೆ. ನಾನು ವಯಸ್ಸಾಗಿ ಕೈಕಾಲು ಹೋದರೆ ನನ್ನನ್ನೂ ಹೀಗೇ ಮುಗಿಸಿಬಿಡಲಿ ಅಂತ ತನ್ನ ಬಗ್ಗೆಯೂ ಹೇಳಿಕೊಳ್ಳುತ್ತಾನೆ.

ಹಳೇಪುಸ್ತಕ

ಮೇಷ್ಟ್ರೇ, ಸ್ಲಿಮ್ ಕೆಟ್ಟವನು ಅಂತ ನಾನೂ ಹೇಳಲ್ಲ. ಆದರೆ ನೀವು ಕೊನೆಯಲ್ಲಿ ಹೇಳಿದ ಆ ಮಾತನ್ನ ಅವನು ಯಾರೆದುರು ಆಡಿದ ನೋಡಿ. ವಯಸ್ಸಾಗಿ ಕೈ ಹೋದರೆ ಗುಂಡು ಹೊಡೆಯಲಿ ಅಂತ, ವಯಸ್ಸಾಗಿ ಕೈ ಹೋದವನ ಎದುರಿಗೇ ಹೇಳುತ್ತಾನೆ. ಆ ಕೋಣೆಯಲ್ಲಿ ಯಾರಿಗೂ ಅದು ಹೊಳೆಯಲ್ಲ. ಕ್ಯಾಂಡಿಗೆ ಹೊಳೆಯದೇ ಇರುತ್ತಾ?

ಇನ್ನೊಂದು. ಮಾತು ಶುರುವಾಗೋದು ನಾಯಿಯ ನೋವಿನಿಂದಲ್ಲ, ಅದರ ನಾತದಿಂದ. ಕಾರ್ಲ್‌ಸನ್‌ಗೆ ನಿದ್ದೆಗೆ ತೊಂದರೆ. ಅದಕ್ಕೆ ನೋವು, ಅದಕ್ಕೇ ಒಳ್ಳೇದು ಅನ್ನೋದೆಲ್ಲ ಆಮೇಲೆ ಬಂದು ಸೇರಿಕೊಳ್ಳುತ್ತೆ. ನಮಗೆ ತೊಂದರೆಯಾದಾಗ ಅವರ ಒಳ್ಳೇದಕ್ಕೆ ಅಂತ ಹೇಳೋದು ಸುಲಭ ಅಲ್ವಾ.

ನನ್ನನ್ನ ಅಲ್ಲಾಡಿಸಿದ್ದು ಅದಾದ ಮೇಲಿನ ಒಂದು ಸಣ್ಣ ಸಂಗತಿ. ಮೊದಲ ಓದಿನಲ್ಲಿ ಗಮನಿಸಿಯೇ ಇರಲಿಲ್ಲ. ಕಾರ್ಲ್‌ಸನ್ ವಾಪಸ್ ಬಂದು, ಅದೇ ಕೋಣೆಯಲ್ಲಿ ಕೂತು, ತನ್ನ ಲೂಗರ್ ಪಿಸ್ತೂಲು ಬಿಚ್ಚಿ ಒರೆಸೋಕೆ ಶುರು ಮಾಡುತ್ತಾನೆ. ಪಿಸ್ತೂಲು ಟಕ್ ಅನ್ನುತ್ತೆ. ಗೋಡೆ ಕಡೆ ತಿರುಗಿದ್ದ ಕ್ಯಾಂಡಿ ಆ ಸದ್ದಿಗೆ ಇತ್ತ ಹೊರಳಿ, ಪಿಸ್ತೂಲನ್ನ ಒಂದು ಕ್ಷಣ ನೋಡಿ, ಮತ್ತೆ ಗೋಡೆಗೆ ಮುಖ ಮಾಡುತ್ತಾನೆ. ಬಾಯಲ್ಲಿ ಒಂದು ಮಾತಿಲ್ಲ. ಸ್ಟೈನ್‌ಬೆಕ್ ಕೂಡ ಅವನ ಮನಸ್ಸಲ್ಲಿ ಏನಾಯಿತು ಅಂತ ಒಂದು ಸಾಲೂ ಬರೆಯಲ್ಲ.

ರಾತ್ರಿಪಾಳಿ

ಆ ಜಾಗ ಓದಿ ನಾನು ಪುಸ್ತಕ ಪಕ್ಕಕ್ಕಿಟ್ಟು ಎದ್ದು ಹೋಗಿದ್ದೆ.

ಹೊಸ_ಓದುಗ

ನಾನು ಪಿಯುಸಿ. ಪುಸ್ತಕ ನಿನ್ನೆ ಮುಗಿಸಿದೆ. ಒಂದು ಪ್ರಶ್ನೆ. ನಾಯಿ ಸತ್ತ ದುಃಖದಲ್ಲಿರೋನು ಅದೇ ರಾತ್ರಿ ಜಾರ್ಜ್, ಲೆನ್ನಿಯ ಜಮೀನಿನ ಕನಸಿಗೆ ಸೇರಿಕೊಳ್ತೀನಿ ಅಂತಾನಲ್ಲ, ಅದು ಸ್ವಲ್ಪ ಬೇಗ ಆಯ್ತು ಅನ್ನಿಸಲ್ವಾ?

ಲೆಕ್ಕಪತ್ರ

ಬೇಗ ಅನ್ನಿಸುತ್ತೆ. ಆದರೆ ಅವತ್ತು ರಾತ್ರಿ ಅವನಿಗೆ ಮುಂದೆ ತನಗೇನು ಕಾದಿದೆ ಅನ್ನೋದು ಕಣ್ಣಿಗೇ ಕಂಡಿತಲ್ಲ. ಇನ್ನು ಕಾಯೋಕೆ ಏನಿದೆ?

ನಾನು ಅಕೌಂಟ್ಸ್ ಕೆಲಸದವನು. ಹಾಗಾಗಿ ಪುಸ್ತಕದಲ್ಲಿ ಬರೋ ದುಡ್ಡಿನ ಲೆಕ್ಕವನ್ನ ಒಂದು ಹಾಳೆ ಮೇಲೆ ಬರೆದುಕೊಂಡೆ. ನೋಡಿದ ಮೇಲೆ ಕತೆಯೇ ಬೇರೆ ಥರ ಕಾಣಿಸಿತು.

ಅವರು ಕಣ್ಣಿಟ್ಟಿರೋ ಜಾಗಕ್ಕೆ ಬೆಲೆ 600 ಡಾಲರ್. 10 ಎಕರೆ. ಜಾರ್ಜ್, ಲೆನ್ನಿ ಇಬ್ಬರ ಜೇಬು ಸೇರಿಸಿದರೆ 10 ಡಾಲರ್. ತಿಂಗಳಿಗೆ ಒಬ್ಬನಿಗೆ 50 ಡಾಲರ್ ಸಂಬಳ, ಅಂದರೆ ಒಂದು ಪೈಸೆ ಮುಟ್ಟದೆ ಉಳಿಸಿದರೆ ತಿಂಗಳ ಕೊನೆಗೆ ಇಬ್ಬರದೂ ಸೇರಿ 100. ಕ್ಯಾಂಡಿ ಹತ್ತಿರ ಬ್ಯಾಂಕಿನಲ್ಲಿ 300 ಇದೆ, ತಿಂಗಳ ಕೊನೆಗೆ ಇನ್ನೊಂದು 50. ಒಟ್ಟು 450. ಅಷ್ಟು ಕೊಟ್ಟು ಉಳಿದದ್ದನ್ನ ಆಮೇಲೆ ತೀರಿಸಬಹುದು ಅಂತ ಜಾರ್ಜ್ ಲೆಕ್ಕ ಹಾಕುತ್ತಾನೆ. ಆ 450ರಲ್ಲಿ 350 ಕ್ಯಾಂಡಿಯದು!

ಆ ದುಡ್ಡು ಎಲ್ಲಿಂದ ಬಂತು? 4 ವರ್ಷದ ಹಿಂದೆ ಇದೇ ಜಮೀನಿನಲ್ಲಿ ಅವನ ಕೈ ಹೋದದ್ದಕ್ಕೆ ಪರಿಹಾರ ಅಂತ 250 ಡಾಲರ್ ಕೊಟ್ಟರು. ಜೊತೆಗೆ ಈ ಗುಡಿಸೋ ಕೆಲಸ. 250 ಅಂದರೆ 5 ತಿಂಗಳ ಕೂಲಿ. ಒಂದು ಬಲಗೈಗೆ 5 ತಿಂಗಳ ಕೂಲಿ. ಅವನು ಆ ದುಡ್ಡನ್ನ ಮುಟ್ಟಿಯೇ ಇಲ್ಲ. ಬ್ಯಾಂಕಲ್ಲಿಟ್ಟು ಅದರ ಮೇಲೆ ಇನ್ನೂ 50 ಕೂಡಿಟ್ಟಿದ್ದಾನೆ.

ಜಾರ್ಜ್ ಆ ಕನಸನ್ನ ಲೆನ್ನಿಗೆ ಎಷ್ಟು ಸಲ ಹೇಳಿದ್ದನೋ. ಅದುವರೆಗೆ ಅದು ಮಗುವನ್ನ ಮಲಗಿಸೋಕೆ ಹೇಳೋ ಕತೆ ಇದ್ದ ಹಾಗೆ. ಕ್ಯಾಂಡಿ ಬಾಯಿ ಬಿಟ್ಟ ಮೇಲೇ ಜಾರ್ಜ್‌ಗೂ ‘ಅರೆ, ಇದು ಆಗಬಹುದು’ ಅನ್ನಿಸಿದ್ದು. ಆ ಜಾಗಕ್ಕೆ ಬೀಳೋ ಮೊದಲ ದುಡ್ಡೇ ಒಬ್ಬ ಮುದುಕನ ಕಳೆದುಹೋದ ಕೈಯ ಬೆಲೆ. ಇದನ್ನ ಯಾವ ಕ್ಲಾಸಲ್ಲೂ ನಮಗೆ ಹೇಳಿಕೊಟ್ಟಿರಲಿಲ್ಲ.

ಹಳೇಪುಸ್ತಕ

ಲೆಕ್ಕಪತ್ರ ಅವರೇ, ಇದಕ್ಕೆ ಇನ್ನೊಂದು ಸೇರಿಸಿ. ಆ 10 ಎಕರೆ ಅಷ್ಟು ಕಡಿಮೆಗೆ ಯಾಕೆ ಸಿಗುತ್ತಿತ್ತು? ಮಾಲೀಕರು ವಯಸ್ಸಾದ ದಂಪತಿ, ಕೈಯಲ್ಲಿ ಕಾಸಿಲ್ಲ, ಹೆಂಗಸಿಗೆ ಆಪರೇಷನ್ ಆಗಬೇಕು. ಜಾರ್ಜ್ ಒಂದೇ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಅಂದರೆ ಕ್ಯಾಂಡಿಗೆ ಕೊನೆಗಾಲಕ್ಕೆ ಒಂದು ಸೂರು ಸಿಗಬೇಕಾದರೆ ಇನ್ನಿಬ್ಬರು ಮುದುಕರ ಸೂರು ಹೋಗಬೇಕು. ಆ ಇಬ್ಬರಿಗೆ ಕತೆಯಲ್ಲಿ ಹೆಸರೂ ಇಲ್ಲ.

ಆಲೆಮನೆ

ಕೈ ವಿಷಯ ಬಂತಲ್ಲ, ಹೇಳಿಬಿಡ್ತೀನಿ.

ನಮ್ಮದು ಮಂಡ್ಯ ಕಡೆ ಹಳ್ಳಿ. ಚಿಕ್ಕವನಿದ್ದಾಗ ಊರ ಆಲೆಮನೆಯಲ್ಲಿ ಒಬ್ಬ ಅಜ್ಜ ಇದ್ದ. ಎಡಗೈಯಲ್ಲಿ ಹೆಬ್ಬೆರಳು ಬಿಟ್ಟರೆ ಬೇರೆ ಬೆರಳಿಲ್ಲ. ಗಾಣಕ್ಕೆ ಕಬ್ಬು ಕೊಡುವಾಗ ಹೋಗಿದ್ದು. ಆಮೇಲೆ ಅವನಿಗೆ ಒಲೆಗೆ ಸಿಪ್ಪೆ ತುಂಬೋ ಕೆಲಸ ಕೊಟ್ಟಿದ್ದರು. ಅಲ್ಲೇ ಮಲಗುತ್ತಿದ್ದ. ನಾವು ಮಕ್ಕಳು ಬಿಸಿ ಬೆಲ್ಲ ತಿನ್ನೋಕೆ ಹೋದರೆ, ಆ ಒಂದು ಹೆಬ್ಬೆರಳು ಮತ್ತು ಅಂಗೈ ಮಧ್ಯೆ ಬೆಲ್ಲದ ಉಂಡೆ ಒತ್ತಿ ಒತ್ತಿ ಗುಂಡಗೆ ಮಾಡಿ ಕೊಡುತ್ತಿದ್ದ. ತಾನು ಇನ್ನೂ ಕೆಲಸಕ್ಕೆ ಬರ್ತೀನಿ ಅಂತ ತೋರಿಸುತ್ತಿದ್ದ ಅಂತ ನನಗೆ ಈಗ ಅನ್ನಿಸುತ್ತೆ. ಯಾರು ಬಂದರೂ ಮೊದಲು ಎದ್ದು ನಿಲ್ಲುತ್ತಿದ್ದ.

ಕ್ಯಾಂಡಿ ಜಾರ್ಜ್ ಹತ್ತಿರ ಕೇಳಿಕೊಳ್ಳೋ ಜಾಗ ಓದುವಾಗ ಆ ಅಜ್ಜ ಎದುರಿಗೆ ಬಂದ. ಮೊಂಡುಗೈ ಕೆರೆದುಕೊಳ್ಳುತ್ತಾ ಕೇಳುತ್ತಾನೆ. ಅಡುಗೆ ಮಾಡ್ತೀನಿ, ಕೋಳಿ ನೋಡ್ಕೋತೀನಿ, ತೋಟದಲ್ಲಿ ಕಳೆ ತೆಗೀತೀನಿ ಅಂತ. ಕೈಲಾಗದೆ ಹೋದ ಮೇಲೂ ಸ್ವಲ್ಪ ಕಳೆ ತೆಗೆಯೋಕೆ, ಪಾತ್ರೆ ತೊಳೆಯೋಕೆ ಬಿಡ್ತೀರಲ್ವಾ ಅಂತ. ನನ್ನ ಪಾಲು ನಾನು ಸತ್ತ ಮೇಲೆ ನಿಮಗೇ ಬರೆದುಕೊಡ್ತೀನಿ, ನನಗೆ ಯಾರೂ ಇಲ್ಲ ಅಂತ. ಅರ್ಧಕ್ಕಿಂತ ಜಾಸ್ತಿ ದುಡ್ಡು ಹಾಕುವವನು ತನ್ನನ್ನು ಸಾಕಿ ಅಂತ ಕೇಳುತ್ತಿಲ್ಲ. ಕೆಲಸ ಮಾಡೋಕೆ ಬಿಡಿ ಅಂತ ಬೇಡುತ್ತಿದ್ದಾನೆ.

ರಾತ್ರಿಪಾಳಿ

ಯಾರು ಬಂದರೂ ಎದ್ದು ನಿಲ್ಲುತ್ತಿದ್ದ ಅಂದ್ರಲ್ಲ. ಗಂಟಲು ಕಟ್ಟಿತು.

ಸಾಲಿನಾಸ್_ಪಕ್ಕ

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇರೋದು, 9 ವರ್ಷ. 101ನೇ ಹೆದ್ದಾರಿಯಲ್ಲಿ ತೆಂಕಲಾಗಿ ಹೋಗುವಾಗ ಸಾಲಿನಾಸ್ ದಾಟಿ ಸ್ವಲ್ಪ ಹೊತ್ತಿಗೆ ಸೊಲೆಡಾಡ್ ಸಿಗುತ್ತೆ. ಸೊಲೆಡಾಡ್ ಅಂದರೆ ಸ್ಪ್ಯಾನಿಷ್‌ನಲ್ಲಿ ಒಂಟಿತನ. ಎಡಕ್ಕೆ ಗ್ಯಾಬಿಲನ್ ಬೆಟ್ಟಗಳು. ರಸ್ತೆ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಲೆಟಿಸ್ ಸೊಪ್ಪಿನ ಸಾಲು. ಇವತ್ತಿಗೂ ಬಗ್ಗಿ ಕೊಯ್ಯುವವರು ಹೊರಗಿಂದ ಬಂದ ಕೂಲಿಗಳೇ, ಹೆಚ್ಚಿನವರು ಮೆಕ್ಸಿಕೋ ಮೂಲದವರು.

ಸ್ಟೈನ್‌ಬೆಕ್ ಹುಟ್ಟಿದ್ದು ಸಾಲಿನಾಸ್‌ನಲ್ಲೇ, 1902ರಲ್ಲಿ. ಹುಡುಗನಿದ್ದಾಗ ಇಲ್ಲಿನ ಜಮೀನುಗಳಲ್ಲಿ ಕೂಲಿಗಳ ಜೊತೆ ದುಡಿದವನು. 1936ರಲ್ಲಿ ವಲಸೆ ಕೂಲಿಗಳ ಬಿಡಾರಗಳನ್ನ ಸುತ್ತಿ ಪತ್ರಿಕೆಗೆ ಲೇಖನಮಾಲೆ ಬರೆದ. ಈ ಕಾದಂಬರಿ ಬಂದಿದ್ದು 1937ರ ಫೆಬ್ರವರಿಯಲ್ಲಿ. ಅಂದಹಾಗೆ ಇದರ ಮೊದಲ ಹಸ್ತಪ್ರತಿಯ ಅರ್ಧದಷ್ಟನ್ನ ಅವನ ನಾಯಿಯೇ ಹರಿದುಹಾಕಿತ್ತು. ಅವನು ಮತ್ತೆ ಕೂತು ಬರೆದ.

ನಾನು ಹೇಳಬೇಕು ಅಂತ ಬಂದಿದ್ದು ಬೇರೆ. ಕ್ಯಾಂಡಿಗೆ ಅಷ್ಟೊಂದು ಭಯ ಯಾಕೆ ಅನ್ನೋದಕ್ಕೆ ಆ ಕಾಲ ಸ್ವಲ್ಪ ನೋಡಬೇಕು. 1933ರಲ್ಲಿ ಇದೇ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಫ್ರಾನ್ಸಿಸ್ ಟೌನ್ಸೆಂಡ್ ಅನ್ನೋ ವಯಸ್ಸಾದ ಡಾಕ್ಟರ್ ಒಂದು ಯೋಜನೆ ಮುಂದಿಟ್ಟ. 60 ದಾಟಿದವರಿಗೆ ಸರ್ಕಾರ ತಿಂಗಳಿಗೆ 200 ಡಾಲರ್ ಕೊಡಲಿ, ಅವರು ಕೆಲಸ ಬಿಡಲಿ, ಆ ದುಡ್ಡನ್ನ ತಿಂಗಳೊಳಗೇ ಖರ್ಚು ಮಾಡಲಿ ಅಂತ. ದೇಶದ ತುಂಬ ಮುದುಕರು ಅವನ ಹಿಂದೆ ನಿಂತರು. ಯೋಜನೆ ಜಾರಿಯಾಗಲಿಲ್ಲ. 1935ರ ಆಗಸ್ಟ್ 14ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಾಮಾಜಿಕ ಭದ್ರತಾ ಕಾಯ್ದೆಗೆ ಸಹಿ ಹಾಕಿದರು. ದುಡಿದವರಿಗೆ ವಯಸ್ಸಾದ ಮೇಲೆ ಪಿಂಚಣಿ. ಆದರೆ ಅದರಿಂದ ಹೊಲದ ಕೂಲಿಗಳನ್ನ ಮತ್ತು ಮನೆಗೆಲಸದವರನ್ನ ಹೊರಗಿಟ್ಟರು. ಹೊಲದಲ್ಲಿ ಕಾಯಂ ದುಡಿಯುವವರನ್ನ ಒಳಗೆ ತಂದಿದ್ದು 1950ರ ತಿದ್ದುಪಡಿ.

ಈಗ ಕ್ಯಾಂಡಿಯನ್ನ ನೋಡಿ. ಕಾಯ್ದೆ ಬಂದರೂ ಆ ಪಿಂಚಣಿಯಲ್ಲಿ ಅವನಂಥವರಿಗೆ ಪಾಲಿಲ್ಲ. ಗುಡಿಸೋಕೂ ಆಗದ ದಿನ ಬಂದರೆ ನನ್ನನ್ನ ಹೊರಗೆ ಹಾಕಿ ಕೌಂಟಿಯವರಿಗೆ, ಅಂದರೆ ಜಿಲ್ಲೆಯ ಆಡಳಿತಕ್ಕೆ, ಒಪ್ಪಿಸ್ತಾರೆ ಅಂತ ಹೆದರುತ್ತಾನಲ್ಲ, ಅದು ಸುಮ್ನೆ ಮುದುಕನ ಗೊಣಗಾಟ ಅಲ್ಲ.

ಮೇಷ್ಟ್ರು_ಶಿರಸಿ

ಇದು ನನಗೆ ಹೊಸ ವಿಷಯ. ಹೊಲದ ಕೂಲಿಗಳನ್ನ ಹೊರಗಿಟ್ಟಿದ್ದರು ಅನ್ನೋದು ಗೊತ್ತಿರಲಿಲ್ಲ. ಉಪಕಾರ ಆಯಿತು.

ಪದಪಲ್ಲಟ

ನಾನು ಈ ಕಾದಂಬರಿಯ ಕೆಲವು ಭಾಗ ಕನ್ನಡಕ್ಕೆ ತರೋ ಪ್ರಯತ್ನದಲ್ಲಿದ್ದೇನೆ, ಪ್ರಕಟಣೆಗಲ್ಲ, ನನ್ನ ಖುಷಿಗೆ. ಕ್ಯಾಂಡಿಯ ಹತ್ತಿರ ಬಂದಾಗೆಲ್ಲ ಪೆನ್ನು ನಿಲ್ಲುತ್ತೆ.

ಮೊದಲ ತೊಡಕು ‘ಕೌಂಟಿಗೆ ಹಾಕ್ತಾರೆ’ ಅನ್ನೋ ಮಾತು. ಅಂದರೆ ಗತಿ ಇಲ್ಲದವರನ್ನ ಆಡಳಿತದವರು ಇಡೋ ಕಡೆ. ವೃದ್ಧಾಶ್ರಮ ಅಂದರೆ ಇವತ್ತಿನ ಮಾತಾಗುತ್ತೆ. ಅನಾಥಾಲಯ ಅಂದರೆ ಮಕ್ಕಳು ನೆನಪಾಗುತ್ತಾರೆ. ಸದ್ಯಕ್ಕೆ ‘ಸರ್ಕಾರದ ಅನ್ನಕ್ಕೆ ಬಿಡ್ತಾರೆ’ ಅಂತ ಬರೆದಿದ್ದೇನೆ. ನಿಮಗೆ ಇನ್ನೂ ಒಳ್ಳೇದು ಹೊಳೆದರೆ ಹೇಳಿ.

ಆದರೆ ಒಂದು ಕಡೆ ಕನ್ನಡವೇ ನನ್ನ ಕೈ ಹಿಡಿಯಿತು. ಆಲೆಮನೆಯವರು ಮೇಲೆ ‘ಕೈಲಾಗದೆ ಹೋದ ಮೇಲೂ’ ಅಂತ ಸಲೀಸಾಗಿ ಬರೆದರು ನೋಡಿ. ನಮ್ಮಲ್ಲಿ ದುಡಿಯೋದು, ಬದುಕೋದು, ಸಂಬಂಧ ಎಲ್ಲ ಕೈಯಲ್ಲೇ ಇದೆ. ಕೈಲಾಗದವನು. ಕೈ ಜೋಡಿಸಿದ. ಕೈ ಖಾಲಿ. ಕೈ ಹಿಡಿದು ನಡೆಸಿದ. ಕೈ ಬಿಟ್ಟ. ಒಂದು ಕೈ ಇಲ್ಲದವನ ಕತೆಯಲ್ಲಿ ಈ ಮಾತುಗಳನ್ನ ಬಳಸಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಕೊನೆಗೆ ಒಂದೇ ಕಡೆ ಬಳಸಿದೆ. ‘ನಾನೂ ನಿಮ್ಮ ಜೊತೆ ಕೈ ಜೋಡಿಸ್ಲಾ?’ ಅಂತ ಅವನು ಕೇಳುವಲ್ಲಿ.

ಲೆಕ್ಕಪತ್ರ

ಅಬ್ಬಾ.

ಹೊಸ_ಓದುಗ

ಮೇಡಂ, ಅದು ತುಂಬ ಚೆನ್ನಾಗಿದೆ. ಆದರೆ ನನಗೆ ಕ್ಯಾಂಡಿ ಮೇಲೆ ಒಂದು ಕೋಪ ಇದೆ, ಕೇಳಲೇಬೇಕು. ಮಾಲೀಕನ ಮಗ ಕರ್ಲಿಯ ಹೆಂಡತಿ ಲೆನ್ನಿಯ ಕೈಯಲ್ಲಿ ಸತ್ತು ಬಿದ್ದಿರುತ್ತಾಳೆ. ಲೆನ್ನಿ ಬೇಕು ಅಂತ ಮಾಡಿದ್ದಲ್ಲ, ಸರಿ. ಆದರೆ ಕ್ಯಾಂಡಿ ಆ ಹೆಣದ ಮುಂದೆ ನಿಂತು ಅವಳಿಗೇ ಬೈಯುತ್ತಾನೆ, ನೀನೇ ಎಲ್ಲ ಹಾಳು ಮಾಡಿದೆ ಅಂತ. ಇಡೀ ಪುಸ್ತಕದಲ್ಲಿ ಅವಳಿಗೆ ಒಂದು ಹೆಸರೂ ಇಲ್ಲ. ಅವಳೂ ಒಂಟಿ ತಾನೇ? ಇಷ್ಟು ನೋವು ಗೊತ್ತಿರೋನಿಗೆ ಅವಳ ನೋವು ಯಾಕೆ ಕಾಣಲ್ಲ?

ಮೇಷ್ಟ್ರು_ಶಿರಸಿ

ಒಳ್ಳೆ ಪ್ರಶ್ನೆ ತಂಗಿ. ನನಗೂ ಆ ಜಾಗ ಇಷ್ಟ ಆಗಲ್ಲ. ಜಾರ್ಜ್ ಬಂದ ಮೊದಲ ದಿನವೇ ಅವಳ ಬಗ್ಗೆ ಚಾಡಿ ಹೇಳಿದವನೂ ಇದೇ ಕ್ಯಾಂಡಿ.

ಹಳೇಪುಸ್ತಕ

ತಪ್ಪು ಅಂತಲೇ ನಾನೂ ಹೇಳ್ತೀನಿ. ಕೈ ಇಲ್ಲದವನು, ಮುದುಕ, ಪಾಪ ಅಂತ ಅವನ ಬಾಯನ್ನ ಮನ್ನಿಸಬೇಕಾಗಿಲ್ಲ. ಆದರೆ ಬೈಗುಳ ಎಲ್ಲಿಗೆ ಹೋಗಿ ಮುಟ್ಟುತ್ತೆ ನೋಡಿ. ಬೈಯುತ್ತಾ ಬೈಯುತ್ತಾ ಅವನು ಜಾರ್ಜ್ ಹೇಳುತ್ತಿದ್ದ ಆ ಕನಸಿನ ಮಾತನ್ನೇ ತಾನು ಹೇಳೋಕೆ ಶುರು ಮಾಡುತ್ತಾನೆ. ಊರಿಗೆ ಸರ್ಕಸ್ ಬಂದಿದ್ದರೆ ಕೆಲಸ ಬಿಟ್ಟು ಹೋಗ್ತಿದ್ವಿ, ಯಾರ ಅಪ್ಪಣೆ ಕೇಳಬೇಕಾಗಿರಲಿಲ್ಲ, ಹಂದಿ ಕೋಳಿ ಇರ್ತಿತ್ತು ಅಂತ. ಕಣ್ಣಲ್ಲಿ ನೀರು. ಅವಳ ಜೊತೆ ಮಾತಾಡುತ್ತಿಲ್ಲ ಅವನು. ಆ ಹೊತ್ತಿಗೆ ಅವನ ಎದುರಿಗೆ ಬೇರೆ ಯಾರೂ ಉಳಿದಿರಲಿಲ್ಲ.

ಕ್ರೂಕ್ಸ್ ಕೋಣೆಯ ದೃಶ್ಯವನ್ನೂ ಪಕ್ಕದಲ್ಲಿಟ್ಟು ಓದಬೇಕು. ಕ್ರೂಕ್ಸ್ ಕುದುರೆ ಲಾಯದ ಕೆಲಸದವನು, ಕಪ್ಪು ಮನುಷ್ಯ, ಕುದುರೆ ಒದ್ದು ಬೆನ್ನು ಡೊಂಕಾದವನು. ಬಂಕ್‌ಹೌಸ್ ಒಳಗೆ ಅವನಿಗೆ ಪ್ರವೇಶ ಇಲ್ಲ. ಇಬ್ಬರೂ ವರ್ಷಾನುಗಟ್ಟಲೆ ಒಂದೇ ಜಮೀನಿನಲ್ಲಿದ್ದರೂ ಕ್ಯಾಂಡಿ ಅವನ ಕೋಣೆಗೆ ಕಾಲಿಡೋದು ಅದೇ ಮೊದಲ ಸಲ. ಅಲ್ಲಿಗೆ ಕರ್ಲಿಯ ಹೆಂಡತಿ ಬರುತ್ತಾಳೆ. ಕ್ಯಾಂಡಿ ಅವಳೆದುರು ಎದೆಯುಬ್ಬಿಸಿ ಮಾತಾಡುತ್ತಾನೆ. ಕೆಲಸದಿಂದ ತೆಗೆಸ್ತೀಯಾ, ತೆಗೆಸು, ನಮಗೆ ನಮ್ಮದೇ ಮನೆ ಇದೆ ಅಂತ. ಕೊಂಡಿಲ್ಲ, ಮುಂಗಡ ಕೊಟ್ಟಿಲ್ಲ. ಆದರೂ ಬೆನ್ನು ನೆಟ್ಟಗಾಗಿದೆ. ಅವಳು ಕ್ರೂಕ್ಸ್‌ನನ್ನ ಮರಕ್ಕೆ ನೇತುಹಾಕಿಸ್ತೀನಿ ಅಂತ ಹೆದರಿಸಿದಾಗ, ನೀನು ಸುಳ್ಳು ಹೇಳಿದೆ ಅಂತ ನಾವು ಹೇಳ್ತೀವಿ ಅಂತ ಅಡ್ಡ ಬರೋನೂ ಕ್ಯಾಂಡಿಯೇ. ನಿನ್ನ ಮಾತು ಯಾರು ಕೇಳ್ತಾರೆ ಅಂತಾಳೆ ಅವಳು. ಅವನು ಅಲ್ಲಿಗೇ ಇಳಿದುಹೋಗುತ್ತಾನೆ. ಹೌದು, ನಮ್ಮ ಮಾತು ಯಾರೂ ಕೇಳಲ್ಲ ಅಂತ ತಾನೇ ಒಪ್ಪಿಕೊಳ್ಳುತ್ತಾನೆ.

ಸಾಲಿನಾಸ್_ಪಕ್ಕ

ಅದೇ ಧೈರ್ಯ ಅದಕ್ಕೂ ಮುಂಚೆ ಒಂದು ಕಡೆ ಕಾಣಿಸುತ್ತೆ. ಬಂಕ್‌ಹೌಸಲ್ಲಿ ಎಲ್ಲರೂ ಮಾಲೀಕನ ಮಗ ಕರ್ಲಿಯನ್ನ ಹಂಗಿಸುವಾಗ ಕ್ಯಾಂಡಿಯೂ ಖುಷಿಯಿಂದ ದನಿಗೂಡಿಸುತ್ತಾನೆ. ಹಿಂದಿನ ದಿನದ ಕ್ಯಾಂಡಿ ಆಗಿದ್ದರೆ ಬಾಯಿ ಬಿಡುತ್ತಿರಲಿಲ್ಲ.

ಕರ್ಲಿ ಅಂದಾಗ ಇನ್ನೊಂದು ಹೊಳೆಯಿತು. ಆ ಜಗಳದಲ್ಲಿ ಲೆನ್ನಿ ಕರ್ಲಿಯ ಕೈ ಹಿಡಿದು ಪುಡಿ ಮಾಡುತ್ತಾನೆ. ಕೂಡಲೇ ಗಾಡಿ ಕಟ್ಟಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಕೈ ಯಂತ್ರಕ್ಕೆ ಸಿಕ್ಕಿತು ಅಂತ ಹೇಳು ಅಂತ ಸ್ಲಿಮ್ ಹೇಳಿಕೊಡುತ್ತಾನೆ. ಜಮೀನಿನಲ್ಲಿ ಯಂತ್ರಕ್ಕೆ ಕೈ ಕೊಡೋದು ಎಷ್ಟು ಮಾಮೂಲಿ ಅಂದರೆ, ಅದು ಯಾರೂ ಮರುಪ್ರಶ್ನೆ ಮಾಡದ ಸುಳ್ಳು. ಕ್ಯಾಂಡಿಯೂ ಅದೇ ಕೋಣೆಯಲ್ಲಿದ್ದಾನೆ.

ಆಲೆಮನೆ

ಸಿನಿಮಾ ನೋಡಿದವರು ಯಾರಾದರೂ ಇದ್ದೀರಾ?

ಲೆಕ್ಕಪತ್ರ

1992ರದ್ದು ನೋಡಿದ್ದೇನೆ. ಕ್ಯಾಂಡಿ ಪಾತ್ರ ರೇ ವಾಲ್‌ಸ್ಟನ್. ನಾಯಿ ಹೊರಗೆ ಹೋದ ಮೇಲೆ ಅವರ ಮುಖ ನೋಡೋಕೆ ಕಷ್ಟ ಆಗುತ್ತೆ. ಖಂಡಿತ ನೋಡಿ.

ಹಳೇಪುಸ್ತಕ

ಈಗ ನನ್ನನ್ನ ಕಾಡುತ್ತಿರೋ ಇನ್ನೊಂದು ಮಾತಿಗೆ ಬರ್ತೀನಿ. ಬೇರೆಯವರ ಜೊತೆ ಜಗಳ ಆದರೂ ಪರವಾಗಿಲ್ಲ.

ಜಾರ್ಜ್ ಮಾಡಿದ್ದು ಸರಿಯಾ? ಲೆನ್ನಿಯ ವಿಷಯ ಅಲ್ಲ. ಅದನ್ನ ಎಲ್ಲರೂ ಮಾತಾಡಿದ್ದಾರೆ. ಕ್ಯಾಂಡಿಯ ವಿಷಯ.

ನಾಯಿ ಸತ್ತ ರಾತ್ರಿ ಕ್ಯಾಂಡಿ ಜಾರ್ಜ್‌ಗೆ ಹೇಳುತ್ತಾನೆ, ನನ್ನ ನಾಯಿಯನ್ನ ನಾನೇ ಹೊಡೀಬೇಕಾಗಿತ್ತು, ಹೊರಗಿನವನ ಕೈಗೆ ಕೊಡಬಾರದಿತ್ತು ಅಂತ. ಕೊನೆಗೆ, ಕರ್ಲಿಯ ಹೆಂಡತಿಯ ಸಾವಿಗೆ ಲೆನ್ನಿಯನ್ನ ಹುಡುಕಿ ಬರೋರ ಕೈಗೆ ಅವನು ಸಿಗೋ ಮೊದಲು, ಜಾರ್ಜ್ ಅವನಿಗೆ ಮಾಡೋದು ಅದನ್ನೇ. ಅದೇ ಕಾರ್ಲ್‌ಸನ್‌ನ ಪಿಸ್ತೂಲು. ಅದೇ ತಲೆ ಹಿಂಭಾಗ. ಅಂದರೆ ಕ್ಯಾಂಡಿಯ ದುಡ್ಡೂ ಜಾರ್ಜ್ ಕನಸಿಗೆ ಬಂತು, ಕ್ಯಾಂಡಿಯ ನೋವೂ ಜಾರ್ಜ್‌ಗೆ ದಾರಿ ತೋರಿಸಿತು. ಅದಕ್ಕೂ ಮೊದಲು, ಕರ್ಲಿಯ ಹೆಂಡತಿಯ ಹೆಣ ಸಿಕ್ಕಿದಾಗ ಅದೇ ಕ್ಯಾಂಡಿ ಕೇಳುತ್ತಾನೆ, ನಾವಿಬ್ಬರೇ ಆ ಜಾಗ ಕೊಳ್ಳಬಹುದಲ್ವಾ ಅಂತ. ಜಾರ್ಜ್ ಉತ್ತರ ಕೊಡೋ ಮೊದಲೇ ಅವನ ತಲೆ ತಗ್ಗಿಹೋಗುತ್ತೆ. ಜಾರ್ಜ್ ತಾನು ತಿಂಗಳು ದುಡಿದು 50 ಡಾಲರ್ ತಗೊಂಡು ಪೇಟೆಗೆ ಹೋಗ್ತೀನಿ, ಸೂಳೆಮನೆಯಲ್ಲಿ ರಾತ್ರಿ ಕಳೀತೀನಿ ಅಂತಾನೆ.

ಲೆಕ್ಕಪತ್ರದವರ ಹಾಳೆ ಪ್ರಕಾರವೇ ನೋಡಿ. ಲೆನ್ನಿ ಇಲ್ಲದಿದ್ದರೆ ಕಡಿಮೆ ಆಗೋದು 50 ಡಾಲರ್. ಜಾರ್ಜ್ ಇನ್ನೊಂದು ತಿಂಗಳು ದುಡಿದರೆ ಅದೂ ತುಂಬುತ್ತಿತ್ತು. ಆಗುತ್ತಿತ್ತು! ಜಾರ್ಜ್ ಕೈ ಬಿಟ್ಟ. ನಾನು ಹಾಗೇ ಓದೋದು.

ಮೇಷ್ಟ್ರು_ಶಿರಸಿ

ಇಲ್ಲ, ಇದನ್ನ ಒಪ್ಪಲ್ಲ. ಆ ಕ್ಷಣದಲ್ಲಿ ಜಾರ್ಜ್‌ಗೆ ಏನು ಮಾಡಬೇಕಾಗಿದೆ ಅಂತ ಗೊತ್ತಾಗಿಹೋಗಿದೆ. ತಮ್ಮನ ಹಾಗಿದ್ದವನನ್ನ ತನ್ನ ಕೈಯಾರೆ ಕೊಲ್ಲೋಕೆ ಹೊರಟವನ ಹತ್ತಿರ ತೋಟದ ಮಾತು ಆಡೋಕಾಗುತ್ತಾ? ಲೆನ್ನಿಗೆ ಹೇಳ್ತಾ ಹೇಳ್ತಾ ತಾನೂ ನಂಬಿಬಿಟ್ಟಿದ್ದೆ ಅಂತ ಅವನೇ ಹೇಳುತ್ತಾನಲ್ಲ. ಕೇಳೋಕೆ ಲೆನ್ನಿ ಇಲ್ಲದ ಮೇಲೆ ಆ ಕತೆ ಅವನ ಬಾಯಲ್ಲಿ ಬರಲ್ಲ.

ರಾತ್ರಿಪಾಳಿ

ಇಬ್ಬರೂ ಸರಿ ಅನ್ನಿಸುತ್ತೆ ನನಗೆ. ಜಾರ್ಜ್‌ಗೆ ಆಗಲಿಲ್ಲ ಅನ್ನೋದು ನಿಜ. ಕ್ಯಾಂಡಿಯ ಕೈ ಬಿಟ್ಟ ಅನ್ನೋದೂ ನಿಜ. ನಾನು ನೋಡೋ ಮಕ್ಕಳಲ್ಲೂ ಹೆಚ್ಚಿನವರು ಕೆಟ್ಟವರಲ್ಲ. ಅವರವರ ನೋವಲ್ಲಿ ಅವರು ಮುಳುಗಿರುತ್ತಾರೆ. ಆ ಹೊತ್ತಲ್ಲಿ ಹಾಸಿಗೆ ಮೇಲಿರೋರು ಕಣ್ಣಿಂದ ಜಾರಿಹೋಗುತ್ತಾರೆ. ನಮ್ಮಜ್ಜಿ ಹೇಳೋರು, ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಅಂತ. ಊರು ಬಾಯಿ ಬಿಟ್ಟು ಹೋಗು ಅನ್ನಬೇಕಾಗಿಲ್ಲ. ತಿರುಗಿ ನೋಡದಿದ್ದರೆ ಸಾಕು.

ಮೇಷ್ಟ್ರು_ಶಿರಸಿ

ನಿಮ್ಮ ಮಾತು ಓದಿ ಎದ್ದು ಹೋಗಿ ಪುಸ್ತಕ ತೆಗೆದೆ. ಕೊನೆಯ ಅಧ್ಯಾಯ ಪೂರ್ತಿ ನೋಡಿದೆ. ಹೊಳೆ ದಂಡೆಯಲ್ಲಿ ಜಾರ್ಜ್ ಇದ್ದಾನೆ, ಸ್ಲಿಮ್ ಬರುತ್ತಾನೆ, ಕರ್ಲಿ, ಕಾರ್ಲ್‌ಸನ್ ಬರುತ್ತಾರೆ. ಸ್ಲಿಮ್ ಜಾರ್ಜ್‌ನ ಪಕ್ಕ ಕೂತು ಸಮಾಧಾನ ಹೇಳಿ ಕರೆದುಕೊಂಡು ಹೋಗುತ್ತಾನೆ. ಕ್ಯಾಂಡಿ ಆ ಅಧ್ಯಾಯದಲ್ಲಿ ಇಲ್ಲವೇ ಇಲ್ಲ. ಎಷ್ಟು ಸಲ ಪಾಠ ಮಾಡಿದ್ದೀನಿ, ಒಂದು ಸಲವೂ ನನಗೆ ಅವನು ಎಲ್ಲಿ ಅಂತ ಕೇಳಬೇಕು ಅನ್ನಿಸಿರಲಿಲ್ಲ. ಹಳೇಪುಸ್ತಕದವರೇ, ನಿಮ್ಮ ಮಾತಿನ ಅರ್ಧ ಒಪ್ಪಿದೆ.

ಹಳೇಪುಸ್ತಕ

ಅವನು ಕೊಟ್ಟಿಗೆಯಲ್ಲಿದ್ದಾನೆ ಮೇಷ್ಟ್ರೇ. ಎಲ್ಲರೂ ಬಂದೂಕು ಹಿಡಿದು ಹೊರಡುವಾಗ, ನೀನು ಇಲ್ಲೇ ಇವಳ ಹತ್ತಿರ ಇರು ಅಂತ ಸ್ಲಿಮ್ ಹೇಳಿ ಹೋಗುತ್ತಾನೆ. ಗಂಡನೇ ಕೂರಲಿಲ್ಲ. ಹೆಣ ಕಾಯೋಕೆ ಉಳಿದವನು ಕ್ಯಾಂಡಿ. ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಅವಳ ಮುಖ ನೋಡುತ್ತಾನೆ. ಆಗಲೇ ಬೈದಿದ್ದನಲ್ಲ, ಈಗ ಪಾಪ ಅನ್ನೋ ಹಾಗೆ ಮೆಲ್ಲಗೆ ಒಂದು ಮಾತು ಆಡುತ್ತಾನೆ. ಅದು ಅವಳಿಗೋ, ಲೆನ್ನಿಗೋ, ಪುಸ್ತಕ ಹೇಳಲ್ಲ. ಜನರ ಸದ್ದು ದೂರ ಆಗುತ್ತೆ. ಕೊಟ್ಟಿಗೆ ಕತ್ತಲಾಗುತ್ತೆ. ಕುದುರೆಗಳು ಕಾಲು ಬದಲಿಸುತ್ತವೆ, ಸರಪಳಿ ಸದ್ದು. ಅವನು ಹುಲ್ಲಿನ ಮೇಲೆ ಮಲಗಿ ಕಣ್ಣು ಮುಚ್ಚಿಕೊಳ್ಳುತ್ತಾನೆ. ಪುಸ್ತಕದಲ್ಲಿ ಅವನ ಕೊನೆಯ ಸುದ್ದಿ ಅಷ್ಟೆ.

ಪದಪಲ್ಲಟ

ನಾನು ಸಿಕ್ಕಿಹಾಕಿಕೊಂಡಿರೋದು ಸರಿಯಾಗಿ ಅದೇ ಸಾಲಿನಲ್ಲಿ. ಮೂಲದಲ್ಲಿ ಅವನು ಕಣ್ಣು ಮುಚ್ಚಿಕೊಳ್ಳೋದು ತೋಳಿನಿಂದ. ಯಾವ ತೋಳು ಅಂತ ಇಲ್ಲ. ಕನ್ನಡದಲ್ಲಿ ಕೈ ಅಂದರೆ ಹೆಗಲಿಂದ ಬೆರಳ ತುದಿವರೆಗೂ ಕೈಯೇ. ನನ್ನ ಮೊದಲ ಕರಡಿನಲ್ಲಿ ‘ಕೈಯಿಂದ ಕಣ್ಣು ಮುಚ್ಚಿಕೊಂಡ’ ಅಂತ ತಾನಾಗೇ ಬಂದಿತ್ತು. ಕಿವಿಗೆ ಹಿತವಾಗಿತ್ತು ಕೂಡ. ಆದರೆ ಓದುವವರ ಕಣ್ಣಿಗೆ ಅಂಗೈ, ಬೆರಳು ಬರುತ್ತೆ. ಅದು ಅವನಿಗೆ ಇರಬಹುದು, ಇಲ್ಲದೇ ಇರಬಹುದು. ಏನು ಬರೆಯಲಿ?

ಹಳೇಪುಸ್ತಕ

ತೋಳು ಅಂತಲೇ ಬರೆಯಿರಿ ಮೇಡಂ.

ಆಲೆಮನೆ

ಹೌದು. ತೋಳು.